ಕಾರಿನ ವೈರಿಂಗ್‌ಗೆ ಯಾವ ಟೇಪ್? ಆಯ್ಕೆಯಿಂದ ಕೊನೆಯ ಸುತ್ತಿನವರೆಗೆ

ಫಾಗ್ ಲ್ಯಾಂಪ್, ಜೋಡಿ ಹಾರ್ನ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಹೀಗೆ ಕಾರಿಗೆ ಏನನ್ನಾದರೂ ಹೊಸದಾಗಿ ಕೂರಿಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮನೆಯಲ್ಲಿರೋ ಕಪ್ಪು ಟೇಪ್ ಸುತ್ತಿದ್ರೆ ಸಾಲದಾ?" ಬಾನೆಟ್ ಒಳಗೆ ಸಾಲದು. ಕ್ಯಾಬಿನ್ ಒಳಗೂ ನಮ್ಮ ಬಿಸಿಲಿಗೆ ಬಹಳ ದಿನ ಬಾಳುವುದಿಲ್ಲ. ಯಾಕೆ ಅನ್ನುವುದು ಗೊತ್ತಾದರೆ ಅಂಗಡಿಯಲ್ಲಿ ಯಾವ ರೋಲ್ ಕೇಳಬೇಕು ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ.

ಮನೆಯ ವೈರಿಂಗ್‌ನಲ್ಲಿ ಟೇಪಿನ ಕೆಲಸ ಕರೆಂಟ್ ತಡೆಯುವುದು. ಅಲ್ಲಿ 230 ವೋಲ್ಟ್ ಇದೆ, ಹಾಗಾಗಿ ರೋಲಿನ ಮೇಲೆ 600 ವೋಲ್ಟ್ ಎಂದು ಬರೆದಿರುವುದಕ್ಕೆ ಅರ್ಥವಿದೆ. ಕಾರಿನಲ್ಲಿ ಇರುವುದು 12 ವೋಲ್ಟ್. ಇಷ್ಟನ್ನು ತಡೆಯಲು ಯಾವ ಟೇಪಾದರೂ ಸಾಕು. ಕಾರಿನಲ್ಲಿ ಟೇಪನ್ನು ಸೋಲಿಸುವ ಶತ್ರುಗಳು ಬೇರೆ: ಬಿಸಿ, ಎಣ್ಣೆ, ನೀರು, ಅದುರುವಿಕೆ, ಉಜ್ಜಾಟ. ಅಲ್ಲಿ ಟೇಪ್ ವೈರುಗಳನ್ನು ಒಟ್ಟಿಗೆ ಕಟ್ಟಿಹಿಡಿಯಬೇಕು, ತಗಡಿನ ಅಂಚಿಗೆ ಉಜ್ಜಿ ಸವೆಯದಂತೆ ಕಾಯಬೇಕು, ಗಡಗಡ ಸದ್ದು ಬರದಂತೆ ನೋಡಿಕೊಳ್ಳಬೇಕು. ಜಾಯಿಂಟ್ ಮುಚ್ಚುವುದು ಹೀಟ್ ಶ್ರಿಂಕ್ ಸ್ಲೀವ್‌ನ ಕೆಲಸ. ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯಾಗಿ ಅಂಟುವ ಕೊಳವೆ ಅದು. ಟೇಪಿಗೆ ಆ ಕೆಲಸವನ್ನೂ ಹೊರಿಸಿದರೆ ಎರಡೂ ಕೆಡುತ್ತವೆ.

ಅಂಗಡಿಯಲ್ಲಿ ಸಿಗುವ ಬಗೆಗಳು

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಪಿವಿಸಿ ಟೇಪ್. ಮಾಮೂಲಿ ರೋಲ್ 0.125 ಮಿ.ಮೀ. ದಪ್ಪ, 18 ಮಿ.ಮೀ. ಅಗಲ ಇರುತ್ತದೆ, ಉದ್ದ 6ರಿಂದ 8 ಮೀಟರ್. ಸುಮಾರು 70–80 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಆಮೇಲೆ ಎರಡು ತೊಂದರೆ ಶುರುವಾಗುತ್ತವೆ. ಒಂದು, ರಬ್ಬರ್ ಮೂಲದ ಅಂಟು ಮೆತ್ತಗಾಗಿ ಸುತ್ತುಗಳು ಜಾರುತ್ತವೆ, ಅಂಚಿನಿಂದ ಅಂಟು ಹೊರಬಂದು ಜಿಡ್ಡಾಗುತ್ತದೆ. ಎರಡು, ಪಿವಿಸಿಯನ್ನು ಮೆದುವಾಗಿಡಲು ಬೆರೆಸಿದ ಪದಾರ್ಥ ನಿಧಾನವಾಗಿ ಹೊರಹೋಗಿ ಟೇಪ್ ಕುಗ್ಗಿ ಗಡುಸಾಗುತ್ತದೆ, ತುದಿ ಬಿಚ್ಚಿಕೊಂಡು ಬಾವುಟದ ಹಾಗೆ ಎದ್ದು ನಿಲ್ಲುತ್ತದೆ. ಹಳೆಯ ಕಾರಿನ ಬಾನೆಟ್ ತೆಗೆದು ವೈರ್ ಮುಟ್ಟಿದಾಗ ಕೈಗೆ ಮೆತ್ತಿಕೊಳ್ಳುವ ಕಪ್ಪು ಗೋಂದು ಇದೇ. ಪಿವಿಸಿಯಲ್ಲೇ ಮೇಲ್ದರ್ಜೆಯದೂ ಇದೆ: 3ಎಂ ಸ್ಕಾಚ್ ಸೂಪರ್ 33 ಪ್ಲಸ್ 0.18 ಮಿ.ಮೀ. ದಪ್ಪ, 105 ಡಿಗ್ರಿ ತಡೆಯುತ್ತದೆ. ಪಿವಿಸಿಯೇ ಬೇಕು ಅನ್ನುವವರು ಇದನ್ನು ತೆಗೆದುಕೊಳ್ಳಬಹುದು.

ಎರಡನೆಯದು ಪಾಲಿಯೆಸ್ಟರ್ ಬಟ್ಟೆ ಟೇಪ್. ಕಾರು ಕಂಪನಿಗಳು ಎಂಜಿನ್ ಸುತ್ತಲಿನ ವೈರಿಂಗ್‌ಗೆ ಸುತ್ತುವುದು ಇದನ್ನೇ. ಮುಟ್ಟಿದರೆ ನೇಯ್ಗೆ ಕೈಗೆ ಸಿಗುತ್ತದೆ, ಹೊಳಪು ಇರುವುದಿಲ್ಲ. ಅಕ್ರಿಲಿಕ್ ಅಂಟು ಇರುವುದರಿಂದ ಬಿಸಿಗೆ ಜಿಡ್ಡಾಗುವುದಿಲ್ಲ. ಟೇಸಾ 51036 ಇದಕ್ಕೆ ಒಳ್ಳೆಯ ಉದಾಹರಣೆ: 150 ಡಿಗ್ರಿವರೆಗೆ ತಡೆಯುತ್ತದೆ, ಉಜ್ಜಾಟಕ್ಕೂ ಜಗ್ಗುವುದಿಲ್ಲ. ಬಾನೆಟ್ ಒಳಗೆ ಬೇರೆ ಯೋಚನೆಯೇ ಬೇಡ, ಇದನ್ನೇ ಹಾಕಿ.

ಮೂರನೆಯದು ಫ್ಲೀಸ್ ಟೇಪ್. ಇದೂ ಪಾಲಿಯೆಸ್ಟರೇ, ಆದರೆ ನೇಯ್ದದ್ದಲ್ಲ. ಮೆತ್ತಗೆ, ಉಣ್ಣೆಯ ತೆಳು ಪದರದಂತೆ ಇರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ, ಬಾಗಿಲ ಪ್ಯಾನೆಲ್ ಒಳಗೆ, ರೂಫ್ ಲೈನಿಂಗ್ ಮೇಲೆ ವೈರ್ ಪ್ಲಾಸ್ಟಿಕ್‌ಗೆ ಬಡಿದು ಟಕಟಕ ಅನ್ನದಿರಲಿ ಅಂತ ಸುತ್ತುವಂಥದ್ದು. ಟೇಸಾ 51608 ಈ ಜಾತಿಯದು, ಮಿತಿ 105 ಡಿಗ್ರಿ. ಕೈಯಲ್ಲೇ ಹರಿಯುತ್ತದೆ. ನೀರನ್ನು ಮಾತ್ರ ಹೀರಿಕೊಳ್ಳುತ್ತದೆ. ಬಾನೆಟ್ ಒಳಗೆ, ಚಕ್ರದ ಗೂಡಿನ ಹತ್ತಿರ ಇದಕ್ಕೆ ಜಾಗವಿಲ್ಲ.

ನಾಲ್ಕನೆಯದು ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಇದಕ್ಕೆ ಅಂಟು ಇಲ್ಲ. ಎಳೆದು ಸುತ್ತಿದರೆ ಪದರಗಳು ಒಂದಕ್ಕೊಂದು ಸೇರಿ ಒಂದೇ ರಬ್ಬರ್ ತುಂಡಾಗುತ್ತದೆ, ಒಳಗೆ ನೀರು ಹೋಗುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಸಿಕ್ಕುವ ಬಂಪರ್ ಕೆಳಗಿನ ಜಾಯಿಂಟ್‌ಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸ್ಕಾಚ್ 23 ಇದೇ ಬಗೆಯದು, ನಿರಂತರ ಬಳಕೆಯ ಮಿತಿ 90 ಡಿಗ್ರಿ. ಕಪ್ಪು ರಬ್ಬರ್‌ನದು ಪೆಟ್ರೋಲ್, ಆಯಿಲ್ ತಗುಲಿದರೆ ಉಬ್ಬಿ ಕೆಡುತ್ತದೆ. ಸಿಲಿಕೋನ್‌ನದು 200 ಡಿಗ್ರಿ ದಾಟಿದರೂ ತಡೆಯುತ್ತದೆ, ಆದರೆ ಚೂಪಾದ ಅಂಚು ಒಮ್ಮೆ ಗೀರಿದರೆ ಅಲ್ಲಿಂದ ಸರ್ರನೆ ಹರಿದುಹೋಗುತ್ತದೆ. ಹಾಗಾಗಿ ಅದರ ಮೇಲೊಂದು ಬಟ್ಟೆ ಟೇಪ್ ಇರಲೇಬೇಕು.

ಹಳೆಯ ಹತ್ತಿ ಟೇಪ್, ಬೆಳ್ಳಿ ಬಣ್ಣದ ಡಕ್ಟ್ ಟೇಪ್, ಪಾರ್ಸೆಲ್ ಟೇಪ್ ಯಾವುದೂ ಕಾರಿನ ವೈರಿಗೆ ಬೇಡ. ಹತ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಡಕ್ಟ್ ಟೇಪಿನ ಅಂಟು ಒಂದೇ ಬೇಸಿಗೆಗೆ ಕರಗುತ್ತದೆ.

ಕೊಳ್ಳುವಾಗ ಏನು ನೋಡಬೇಕು

ರೋಲಿನ ಮೇಲೆ ವೋಲ್ಟ್ ಓದಬೇಡಿ, ಡಿಗ್ರಿ ಓದಿ. ಕ್ಯಾಬಿನ್‌ಗೆ 105, ಬಾನೆಟ್ ಒಳಗೆ ಕನಿಷ್ಠ 125, ಸಿಕ್ಕರೆ 150. ಕ್ಯಾಬಿನ್‌ಗೆ ಅಷ್ಟೊಂದು ಯಾಕೆ ಅನ್ನಿಸಬಹುದು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್‌–ಮೇನಲ್ಲಿ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಮೈ 70–80 ಡಿಗ್ರಿ ಮುಟ್ಟುತ್ತದೆ, ಮಾಮೂಲಿ ಪಿವಿಸಿಯ ಮಿತಿಯೂ ಅಷ್ಟೇ. ಡ್ಯಾಶ್‌ಕ್ಯಾಮ್ ವೈರನ್ನು ಗಾಜಿನ ಪಕ್ಕದ ಕಂಬದಲ್ಲಿ ಇಳಿಸಿದಾಗ ಟೇಪ್ ಬಿಚ್ಚಿಕೊಂಡು ಜಿಡ್ಡು ಸೋರುವುದು ಇದಕ್ಕೇ.

ಐಎಸ್ 7809 (ಭಾರತದ ಮಾನದಂಡ) ಅಥವಾ ಯುಎಲ್ 510 (ಅಮೆರಿಕದ್ದು) ಎಂಬ ಗುರುತು ಇದ್ದರೆ ಇನ್ಸುಲೇಷನ್ ಟೇಪಾಗಿ ಪರೀಕ್ಷೆಯಾಗಿದೆ ಎಂದರ್ಥ. ಒಳ್ಳೆಯದೇ, ಆದರೆ ಎಂಜಿನ್ ಪಕ್ಕ ಬಾಳುತ್ತದೆ ಅನ್ನುವ ಭರವಸೆ ಅದರಲ್ಲಿಲ್ಲ. ಕಾರಿನ ಟೇಪುಗಳಿಗೆ ಜರ್ಮನಿಯ ಕಾರು ಕಂಪನಿಗಳು ಸೇರಿ ಮಾಡಿದ ಎಲ್‌ವಿ 312 ಎಂಬ ಪರೀಕ್ಷಾ ಕ್ರಮವಿದೆ. ಬಿಸಿ, ಉಜ್ಜಾಟ, ಸದ್ದು ತಗ್ಗಿಸುವ ಗುಣ, ವೈರಿನ ಹೊದಿಕೆಯ ಜೊತೆ ಹೊಂದಿಕೆ ಎಲ್ಲವನ್ನೂ ಅದರಲ್ಲಿ ನೋಡುತ್ತಾರೆ. ಮಾಹಿತಿ ಹಾಳೆಯಲ್ಲಿ ಈ ಹೆಸರು ಕಂಡರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಆಟೋ ಬಿಡಿಭಾಗಗಳ ಬೀದಿಯಲ್ಲಿ "ಹಾರ್ನೆಸ್ ಟೇಪ್" ಅಥವಾ "ಬಟ್ಟೆ ಟೇಪ್" ಎಂದು ಕೇಳಿ. ಹಾರ್ನೆಸ್ ಅಂದರೆ ಒಟ್ಟಾಗಿ ಕಟ್ಟಿದ ವೈರುಗಳ ಕಟ್ಟು. ಸಣ್ಣ ಊರಿನಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ, ಆದರೆ ರೋಲಿನ ಒಳಗಿನ ರಟ್ಟಿನ ಮೇಲೆ ಕಂಪನಿಯ ಹೆಸರು, ನಂಬರ್ ಅಚ್ಚಾಗಿದೆಯೇ ನೋಡಿ. ಪಿವಿಸಿ ರೋಲಿಗೆ ಹತ್ತಾರು ರೂಪಾಯಿಯಾದರೆ ಇದಕ್ಕೆ ಕೆಲವು ನೂರು ಆಗುತ್ತದೆ. ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನ ಪಡಿ.

ಎಷ್ಟು ಬೇಕು? ಒಂದು ಬೆರಳಿನಷ್ಟು, ಅಂದರೆ 10 ಮಿ.ಮೀ. ದಪ್ಪದ ಕಟ್ಟಿಗೆ 19 ಮಿ.ಮೀ. ಟೇಪನ್ನು ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಸುತ್ತಿದರೆ ಒಂದು ಮೀಟರ್ ಹಾರ್ನೆಸ್ಸಿಗೆ ಸುಮಾರು 3.5 ಮೀಟರ್ ಟೇಪ್ ಹೋಗುತ್ತದೆ. 15 ಮೀಟರಿನ ರೋಲ್ ನಾಲ್ಕು ಮೀಟರಿಗೆ ಸಾಕು. ನಡುವೆ ಒಂದು ಟೇಪಿನಗಲ ಜಾಗ ಬಿಟ್ಟು ಸುತ್ತಿದರೆ ಮೀಟರಿಗೆ 1.3 ಮೀಟರ್ ಮಾತ್ರ. ಕವಲುಗಳಿಗೆ 9 ಮಿ.ಮೀ. ಅಗಲದ ರೋಲ್ ಸಿಕ್ಕರೆ ಕೈಗೆ ಸಲೀಸು.

ಈಗ ಕೆಲಸ: ಒಂದು ಜೋಡಿ ಫಾಗ್ ಲ್ಯಾಂಪ್

ಎಲ್ಲ ಬಗೆಯ ಜಾಗವನ್ನೂ ಮುಟ್ಟುವುದರಿಂದ ಫಾಗ್ ಲ್ಯಾಂಪನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 55 ವಾಟಿನ ಎರಡು ಬಲ್ಬ್ ಸೇರಿ 110 ವಾಟ್. 12 ವೋಲ್ಟಿಗೆ ಸುಮಾರು 9.2 ಆಂಪಿಯರ್. 15 ಆಂಪಿಯರ್ ಫ್ಯೂಸ್, ನಾಲ್ಕು ಕಾಲಿನ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬ್ಯಾಟರಿಯಿಂದ ರಿಲೇಗೆ 2.5 ಸ್ಕ್ವೇರ್ ಎಂಎಂ ವೈರ್, ಅಲ್ಲಿಂದ ಒಂದೊಂದು ಲ್ಯಾಂಪಿಗೆ 1.5. ಜೊತೆಗೆ 10 ಮಿ.ಮೀ. ಸೀಳು ಇರುವ ಫ್ಲೆಕ್ಸಿಬಲ್ ಪೈಪ್ ಮೂರು ಮೀಟರ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಬಟ್ಟೆ ಟೇಪ್ ಒಂದು ರೋಲ್, ಫ್ಲೀಸ್ ಒಂದು, ರಬ್ಬರ್ ಟೇಪ್ ಒಂದು, ಕಪ್ಪು ನೈಲಾನ್ ಟೈ ಒಂದಿಪ್ಪತ್ತು.

1. ಬ್ಯಾಟರಿಯ ಮೈನಸ್ ಕಳಚಿ. ಮೊದಲು ಮೈನಸ್, ಯಾವಾಗಲೂ. ಪ್ಲಸ್ ಕಳಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಹಳದಿ ಹೊದಿಕೆಯ ವೈರ್ ಏರ್‌ಬ್ಯಾಗಿನದು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ್ದು ಹೈ ವೋಲ್ಟೇಜಿನದು. ಎರಡನ್ನೂ ಬಿಚ್ಚಬೇಡಿ, ನಿಮ್ಮ ವೈರನ್ನು ಅವುಗಳ ಜೊತೆ ಸೇರಿಸಿ ಟೇಪೂ ಸುತ್ತಬೇಡಿ.

2. ದಾರಿ ಮೊದಲು, ಟೇಪ್ ಆಮೇಲೆ. ವೈರುಗಳನ್ನು ಬರಿದಾಗಿಯೇ ಹಾಸಿ ನೋಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೊ, ಸೈಲೆನ್ಸರ್ ಪೈಪಿನಿಂದ ಒಂದು ಗೇಣಾದರೂ ದೂರವಿರಲಿ. ಅಲ್ಲಿನ ಬಿಸಿ ನೂರಾರು ಡಿಗ್ರಿ, ಯಾವ ಟೇಪೂ ಅದಕ್ಕೆ ಉತ್ತರವಲ್ಲ. ಹೋಗಲೇಬೇಕಾದರೆ ಅಲ್ಯೂಮಿನಿಯಂ ಹೊದಿಕೆಯ ಗ್ಲಾಸ್ ಫೈಬರ್ ತೋಳು ಹಾಕಬೇಕು. ಎಂಜಿನ್ನಿಗೂ ಬಾಡಿಗೂ ನಡುವೆ ದಾಟುವ ಕಡೆ ಸ್ವಲ್ಪ ಸಡಿಲ ಬಿಡಿ; ಸ್ಟಾರ್ಟ್ ಮಾಡಿದಾಗ ಎಂಜಿನ್ ಅಲ್ಲಾಡುತ್ತದೆ, ವೈರ್ ಬಿಗಿಯಾಗಿದ್ದರೆ ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಉಂಗುರ) ಬುಡದಲ್ಲಿ ತುಂಡಾಗುತ್ತದೆ. ಪೆಟ್ರೋಲ್ ಪೈಪಿಗೆ, ಬ್ರೇಕ್ ಪೈಪಿಗೆ ಏನನ್ನೂ ಕಟ್ಟಬೇಡಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು, ಯಾಕೆಂದರೆ ಅದಕ್ಕಿಂತ ಮೊದಲಿನ ವೈರಿಗೆ ಯಾವ ರಕ್ಷಣೆಯೂ ಇಲ್ಲ.

3. ಜಾಯಿಂಟ್ ಮುಗಿಸಿ. ಕಾರಿನ ಮೂಲ ವೈರನ್ನು ಕತ್ತರಿಸದೆ, ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗಾದ ಕಪ್ಲರ್‌ಗೆ ಕೂರುವ ವೈರಿಂಗ್ ಕಿಟ್ ಸಿಕ್ಕರೆ ಅದನ್ನೇ ಬಳಸಿ, ವಾರಂಟಿ ತಕರಾರಿನ ಸಾಧ್ಯತೆಯೂ ಕಡಿಮೆ. ಜಾಯಿಂಟ್ ಹಾಕಲೇಬೇಕಾದರೆ ಕ್ರಿಂಪ್ ಮಾಡಿ, ಅಂದರೆ ಲೋಹದ ತೋಳಿನೊಳಗೆ ಎರಡೂ ತುದಿ ಇಟ್ಟು ಇಕ್ಕಳದಿಂದ ಒತ್ತಿ. ಸ್ಲೀವ್ ಜಾಯಿಂಟಿನ ಎರಡೂ ಬದಿ ಕನಿಷ್ಠ 10 ಮಿ.ಮೀ. ಹೊರಗೆ ಚಾಚಿರಲಿ, ಬಿಸಿ ಮಾಡಿದಾಗ ಅಂಚಿನಲ್ಲಿ ಅಂಟು ಉಕ್ಕಿ ಬಂದರೆ ನೀರು ಒಳಹೋಗುವುದಿಲ್ಲ. ಸ್ಲೀವನ್ನು ಮೊದಲೇ ವೈರಿಗೆ ತೂರಿಸಲು ಮರೆತವರು ಕೊನೆಗೆ ಟೇಪ್ ಸುತ್ತಿ ಕೈತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಕತ್ತರಿಸಿ ಮತ್ತೆ ಹಾಕಿ. ಪಕ್ಕಪಕ್ಕದ ವೈರುಗಳ ಜಾಯಿಂಟ್ ಒಂದೇ ಜಾಗದಲ್ಲಿ ಬರದಂತೆ 3–4 ಸೆಂ.ಮೀ. ಆಚೀಚೆ ಮಾಡಿ. ಇಲ್ಲದಿದ್ದರೆ ಅಲ್ಲೊಂದು ಗಂಟು ಏಳುತ್ತದೆ, ಟೇಪ್ ಮೊದಲು ಸವೆಯುವುದೂ ಅಲ್ಲೇ.

4. ಒರೆಸಿ. ಧೂಳು, ಗ್ರೀಸ್ ಇದ್ದರೆ ಎಷ್ಟು ದುಬಾರಿ ಟೇಪಾದರೂ ಕೂರುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ಬೇಡ, ವೈರಿನ ಹೊದಿಕೆಯನ್ನೇ ತಿನ್ನುತ್ತವೆ. ಹಳೆಯ ಟೇಪಿನ ಗೋಂದು ಹಿಡಿದಿದ್ದರೆ ನೀಲಗಿರಿ ಎಣ್ಣೆ ಚೆನ್ನಾಗಿ ಬಿಡಿಸುತ್ತದೆ. ಸ್ವಲ್ಪವೇ ಹಾಕಿ, ಪ್ಲಾಸ್ಟಿಕ್ ಕಪ್ಲರ್ ಮತ್ತು ಲ್ಯಾಂಪಿನ ಗಾಜಿಗೆ ತಾಗಿಸದೆ, ಕೊನೆಗೆ ಆಲ್ಕೋಹಾಲ್‌ನಿಂದ ಜಿಡ್ಡು ತೆಗೆಯಿರಿ.

5. ಬಾನೆಟ್ ಒಳಗಿನ ಸುತ್ತು. ಇಲ್ಲಿ ಅವಸರ ಬೇಡ. ವೈರುಗಳನ್ನು ಒಂದಕ್ಕೊಂದು ಹೊಸೆಯದೆ ಸಮಾನಾಂತರವಾಗಿ ಜೋಡಿಸಿ, ಪ್ರತಿ 15 ಸೆಂ.ಮೀ.ಗೆ ಒಂದು ಸಣ್ಣ ತುಂಡು ಬಟ್ಟೆ ಟೇಪ್ ಹಾಕಿ ಹಿಡಿಸಿ. ಅದರ ಮೇಲೆ ಫ್ಲೆಕ್ಸಿಬಲ್ ಪೈಪ್ ತೊಡಿಸಿ, ಸೀಳು ಕೆಳಮುಖವಾಗಿರಲಿ, ಒಳಬಂದ ನೀರು ಇಳಿದುಹೋಗುತ್ತದೆ. ಪೈಪಿನ ಎರಡೂ ತುದಿಯಲ್ಲಿ ಟೇಪ್ ಪೈಪಿನ ಮೇಲೆ 2–3 ಸೆಂ.ಮೀ., ಬರಿ ವೈರಿನ ಮೇಲೆ 2–3 ಸೆಂ.ಮೀ. ಬರುವಂತೆ ಸುತ್ತಬೇಕು, ಇಲ್ಲದಿದ್ದರೆ ಪೈಪಿನ ಗಡುಸು ಅಂಚೇ ವೈರನ್ನು ಕೊಯ್ಯುತ್ತದೆ.

ಪೈಪ್ ಹಿಡಿಸದ ಕಡೆ ಪೂರ್ತಿ ಟೇಪ್ ಸುತ್ತಿ. ಎರಡು ಸುತ್ತು ಅದೇ ಜಾಗದಲ್ಲಿ ಹಾಕಿ ಶುರುಮಾಡಿ, ಆಮೇಲೆ ಓರೆಯಾಗಿ ಮುಂದೆ ಸಾಗಿ, ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಮೇಲಿನಿಂದ ಕೆಳಕ್ಕಲ್ಲ. ಆಗ ಮೇಲಿನ ಸುತ್ತಿನ ಅಂಚು ಕೆಳಗಿನದರ ಮೇಲೆ ಬರುತ್ತದೆ, ಹೆಂಚು ಹೊದಿಸಿದ ಮಾಡಿನ ಹಾಗೆ ನೀರು ಹೊರಗಿನಿಂದಲೇ ಜಾರಿಹೋಗುತ್ತದೆ. ಕೈ ಬಿಗಿ ಒಂದೇ ಸಮ ಇರಲಿ. ಸುತ್ತಿದ ಕಟ್ಟನ್ನು ಬಗ್ಗಿಸಿ ನೋಡಿ: ಸಲೀಸಾಗಿ ಬಗ್ಗಬೇಕು, ಒಳಬದಿಯಲ್ಲಿ ಟೇಪ್ ನೆರಿಗೆ ಬೀಳಬಾರದು. ಕೋಲಿನಂತೆ ನಿಂತರೆ ಬಿಗಿ ಹೆಚ್ಚಾಗಿದೆ.

ಕೊನೆಯ ಒಂದೂವರೆ ಸುತ್ತು ಎಳೆಯದೆ ಸುಮ್ಮನೆ ಕೂರಿಸಿ, ಕತ್ತರಿಯಿಂದ ಕತ್ತರಿಸಿ, ಹೆಬ್ಬೆರಳಿನಿಂದ ಉಜ್ಜಿ. ಎಳೆದ ಟೇಪ್ ಮತ್ತೆ ಕುಗ್ಗಲು ನೋಡುತ್ತದೆ, ತುದಿ ಏಳುವುದು ಅದರಿಂದಲೇ. ಪಿವಿಸಿಯನ್ನು ಹಲ್ಲಿನಿಂದಲೋ ಕೈಯಿಂದಲೋ ಹರಿದರೆ ತುದಿ ಎಳೆದುಕೊಂಡೇ ಇರುತ್ತದೆ, ವಾರ ಕಳೆಯುವುದರೊಳಗೆ ಬಿಚ್ಚಿಕೊಳ್ಳುತ್ತದೆ.

6. ಬಂಪರ್ ಹಿಂದಿನ ಜಾಯಿಂಟ್. ನೀರು ಎರಚುವ ಜಾಗ ಇದು. ಸ್ಲೀವ್ ಹಾಕಿದ ಜಾಯಿಂಟಿನ ಮೇಲೆ ರಬ್ಬರ್ ಟೇಪನ್ನು ಅದರ ಉದ್ದದ ಎರಡರಷ್ಟು ಎಳೆದು, ಅರ್ಧಕ್ಕರ್ಧ ಮುಚ್ಚುತ್ತಾ ಎರಡು ಪದರ ಸುತ್ತಿ. ಎಳೆಯದಿದ್ದರೆ ಪದರಗಳು ಬೆಸೆಯುವುದೇ ಇಲ್ಲ. ಜನ ಎಡವುವುದು ಇಲ್ಲೇ. ಕೊನೆಯ ಸುತ್ತು ಮಾತ್ರ ಎಳೆಯಬೇಡಿ. ಮೇಲೆ ಒಂದು ಪದರ ಬಟ್ಟೆ ಟೇಪ್. ಲ್ಯಾಂಪಿನ ಕಪ್ಲರಿಗೆ ವೈರ್ ನೇರ ಮೇಲಿನಿಂದ ಇಳಿಯದಂತೆ, ಕಪ್ಲರಿಗಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರಿ ಸೇರುವಂತೆ ಬಿಡಿ. ವೈರಿನಗುಂಟ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಕಪ್ಲರ್ ಒಳಗೆ ಹೋಗುವುದಿಲ್ಲ. ಕಪ್ಲರಿಗೆ ಮಾತ್ರ ಟೇಪ್ ಸುತ್ತಬೇಡಿ: ಅದರ ರಬ್ಬರ್ ಸೀಲ್ ತನ್ನ ಕೆಲಸ ಮಾಡಲಿ. ಸುತ್ತಿದರೆ ಒಳಹೊಕ್ಕ ತೇವ ಹೊರಬರಲು ದಾರಿಯಿಲ್ಲದೆ ಪಿನ್ ಹಸಿರುಗಟ್ಟುತ್ತದೆ.

7. ಕ್ಯಾಬಿನ್ ಒಳಗೆ. ಸ್ವಿಚ್ಚಿನ ವೈರ್ ಫೈರ್‌ವಾಲ್ ದಾಟಬೇಕು, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ವೈರ್ ತೂರಿಸಿ "ಟೇಪ್ ದಪ್ಪ ಸುತ್ತಿದ್ದೀನಿ" ಅನ್ನುವುದು ಬೆಂಕಿಗೆ ಆಹ್ವಾನ. ತಗಡಿನ ಅಂಚು ಬಟ್ಟೆ ಟೇಪನ್ನೂ ತಿಂಗಳುಗಳಲ್ಲಿ ಕೊಯ್ದುಹಾಕುತ್ತದೆ. ಬುಷ್ ಹಾಕಿ, ಅದರ ಎರಡೂ ಬದಿ 5 ಸೆಂ.ಮೀ. ಟೇಪ್ ಸುತ್ತಿ. ಒಳಗಡೆ ಫ್ಲೀಸ್ ಟೇಪ್. ಜಾಗ ಬಿಟ್ಟು ಸುತ್ತಿದರೂ ಸಾಕು, ಪ್ಲಾಸ್ಟಿಕ್ ಮುಟ್ಟುವ ಕಡೆ ಮಾತ್ರ ಒತ್ತೊತ್ತಾಗಿ. ಸ್ಟಿಯರಿಂಗ್ ಕಂಬ, ಬ್ರೇಕ್ ಮತ್ತು ಕ್ಲಚ್ ಪೆಡಲಿನ ಹಾದಿಗೆ ಬರದಂತೆ ಟೈ ಹಾಕಿ ಹಿಡಿಸಿ.

ರಿವರ್ಸ್ ಕ್ಯಾಮೆರಾ ಹಾಕುವವರಿಗೆ ಇಲ್ಲೊಂದು ಮಾತು. ಡಿಕ್ಕಿ ಬಾಗಿಲು ಅಥವಾ ಪಕ್ಕದ ಬಾಗಿಲಿನ ಕೀಲಿನ ಬಳಿ ಇರುವ ರಬ್ಬರ್ ಕೊಳವೆಯೊಳಗೆ ಟೇಪನ್ನು ಉದ್ದಕ್ಕೂ ಸುತ್ತಬೇಡಿ. ಅಲ್ಲಿ ಪ್ರತಿ ವೈರೂ ಬೇರೆಬೇರೆಯಾಗಿ ಬಗ್ಗಬೇಕು. ಒಟ್ಟಿಗೆ ಕಟ್ಟಿದರೆ ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಂದೇ ಬಿಂದುವಿನಲ್ಲಿ ಮಡಚಿ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊಳವೆಯ ಎರಡೂ ಬಾಯಿಯ ಹೊರಗೆ ಮಾತ್ರ ಕಟ್ಟಿ.

8. ಪರೀಕ್ಷೆ. ಬ್ಯಾಟರಿ ಮೈನಸ್ ಸೇರಿಸಿ, ಲ್ಯಾಂಪ್ ಹತ್ತು ನಿಮಿಷ ಉರಿಸಿ. ಫ್ಯೂಸ್ ಹೋಲ್ಡರ್, ಪ್ರತಿ ಜಾಯಿಂಟ್, ಅರ್ಥ್ ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಕ್ರಿಂಪ್ ಸಡಿಲವಿದೆ ಅಥವಾ ಅರ್ಥ್ ಬೋಲ್ಟಿನ ಕೆಳಗೆ ಪೇಂಟ್ ಹಾಗೇ ಉಳಿದಿದೆ. ಟೇಪ್ ಬಿಚ್ಚಿ ಸರಿಮಾಡಿ. ಬಿಚ್ಚದೆ ಮೇಲೊಂದು ಪದರ ಸುತ್ತಿದರೆ ಬಿಸಿ ಕಡಿಮೆಯಾಗುವುದಿಲ್ಲ, ಒಳಗೇ ಕೂರುತ್ತದೆ.

ಒಂದು ತಿಂಗಳು ಓಡಿಸಿದ ಮೇಲೆ ಬಾನೆಟ್ ತೆಗೆದು ಟೇಪಿನ ತುದಿಗಳನ್ನು ಒಮ್ಮೆ ನೋಡಿ. ಎಲ್ಲಾದರೂ ಹೊಳಪು ಬಂದಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ, ಟೈ ಜಾಗ ಬದಲಿಸಿ. ಉಳಿದ ರೋಲನ್ನು ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಅಲ್ಲಿನ ಬಿಸಿಗೆ ಅಂಟು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯೊಳಗೆ, ಚಪ್ಪಟೆಯಾಗಿ ಮಲಗಿಸಿ ಇಡಿ.

ಇಲಿ ಕಡಿಯುವುದರ ಬಗ್ಗೆ

ಇದನ್ನು ಕೇಳದವರೇ ಇಲ್ಲ. ಇಲಿಗೆ ಬಟ್ಟೆ ಟೇಪ್, ಪಿವಿಸಿ ಎರಡೂ ಒಂದೇ, ಕಡಿದೇ ಕಡಿಯುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಸವರಿದ ಟೇಪನ್ನು ಹೋಂಡಾ ಮಾರುತ್ತದೆ, ಇಲಿ ಕಾಟದ ಜಾಗದಲ್ಲಿ ಹೊರಗಿನ ಪದರವಾಗಿ ಸುತ್ತಬಹುದು. ಸುತ್ತಿದ ಕೈಯನ್ನು ಸೋಪು ಹಾಕಿ ತೊಳೆಯುವವರೆಗೆ ಕಣ್ಣು ಮುಟ್ಟಬೇಡಿ. ಮನೆಯಲ್ಲೇ ಟೇಪಿಗೆ ಖಾರದ ಪುಡಿ ಉದುರಿಸುವುದು ದಂಡ, ಮೊದಲ ಮಳೆಗೇ ತೊಳೆದುಹೋಗುತ್ತದೆ, ಅಂಟೂ ಕೆಡುತ್ತದೆ. ಅದಕ್ಕಿಂತ, ಕಾರು ನಿಲ್ಲಿಸಿದಾಗ ಎಂಜಿನ್ ಕೆಳಗಿನಿಂದ ಒಳನುಗ್ಗುವ ಸಂದಿಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿಸಿ. ಬೆಲ್ಟ್, ಫ್ಯಾನ್, ಎಕ್ಸಾಸ್ಟಿಗೆ ತಾಗದಂತೆ ಕಟ್ಟಬೇಕು, ಗಾಳಿಯ ದಾರಿ ಮುಚ್ಚಬಾರದು.